‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ನಾನು ಸೋಮವಾರಪೇಟೆ ತಾಲ್ಲೂಕು ಶಾಂತಳ್ಳಿ ಹೋಬಳಿಯವಳು. ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಈಗ ಮನೆಯವರ ಏಳು ಎಕರೆ ಕಾಫಿ ತೋಟ ನನ್ನ ಕೈಯಲ್ಲಿದೆ. ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲು ಅರ್ಧಕ್ಕೆ ಬಂದಿದೆ. ಕಣದಲ್ಲಿ ಚೆರಿ ಹರಡಿಸಿ, ಮಧ್ಯಾಹ್ನದ ಬಿಸಿಲಿಗೆ ಒಂದು ಸಲ ಕೈಯಾಡಿಸಿ ಬಂದು ಈ ಪತ್ರ ಬರೆಯಲು ಕುಳಿತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ನನ್ನದೇ ಒಂದು ಕಾಗದದ ಕಥೆ ಹೇಳುತ್ತೇನೆ.

ನಮ್ಮ ತೋಟದ ಪಹಣಿ ಇನ್ನೂ ನನ್ನ ಮಾವನವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ದಾಖಲೆ ಬದಲಾಯಿಸಲು, ಅರ್ಜಿ ಕೊಟ್ಟು, ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಲಗತ್ತಿಸಿ, ಕಚೇರಿಗೆ ಅಲೆದು ಸಾಕಾಗಿತ್ತು. ಹೀಗಿರುವಾಗ ಮೂರು ವರ್ಷದ ಹಿಂದೆ ನಮ್ಮ ಭಾಗದಲ್ಲಿ ಜನರ ಅಹವಾಲು ಕೇಳುವ ಒಂದು ಸಭೆ ನಡೆಯಿತು. ವೇದಿಕೆಯ ಮೇಲೆ ಜನಪ್ರತಿನಿಧಿಗಳಿದ್ದರು, ಅಧಿಕಾರಿಗಳೂ ಇದ್ದರು. ನನ್ನ ಸರದಿ ಬಂದಾಗ ಎದ್ದು ನಿಂತು ಹೇಳಿದೆ. ಜನಪ್ರತಿನಿಧಿಯೊಬ್ಬರು ಅಧಿಕಾರಿಯ ಕಡೆ ತಿರುಗಿ ‘ಏನ್ರೀ, ಎಷ್ಟು ದಿನ ಬೇಕು?’ ಎಂದು ಕೇಳಿದರು. ‘ಹದಿನೈದು ದಿನ ಸಾರ್’ ಎಂಬ ಉತ್ತರ ಬಂತು. ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದು ದಿನಚರಿಯಲ್ಲಿ ತಾರೀಖು ಬರೆದಿಟ್ಟೆ.

ಹದಿನೈದು ದಿನ ಹೋಯಿತು, ಹದಿನೈದು ತಿಂಗಳೂ ಹೋಯಿತು. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಆ ಸಭೆಯ ಅನುಪಾಲನಾ ವರದಿಯ, ಅಂದರೆ ಅಲ್ಲಿ ಬಂದ ಅಹವಾಲುಗಳ ಮೇಲೆ ಏನು ಕ್ರಮವಾಯಿತು ಎಂಬ ವರದಿಯ, ಪ್ರತಿ ಕೇಳಿದೆ. ಬಂತು. ಉದ್ದ ಹಾಳೆಯಲ್ಲಿ ಗೆರೆ ಎಳೆದು ಮಾಡಿದ ಪಟ್ಟಿ. ಕ್ರಮ ಸಂಖ್ಯೆ, ಅರ್ಜಿದಾರರ ಹೆಸರು, ಅಹವಾಲಿನ ಸಾರಾಂಶ, ಷರಾ. ನನ್ನ ಹೆಸರಿನ ಮುಂದೆ ಷರಾ ಕಲಮಿನಲ್ಲಿ ‘ಕ್ರಮ ಕೈಗೊಳ್ಳಲಾಗಿದೆ’ ಎಂದಿತ್ತು. ನನ್ನ ಮೇಲಿನ ಹೆಸರಿನ ಮುಂದೂ ಅದೇ, ಕೆಳಗಿನ ಹೆಸರಿನ ಮುಂದೂ ಅದೇ. ಕೆಳಕೆಳಗೆ ಬಂದಂತೆ ಬರೆದವರ ಕೈ ಸೋತು, ಬರೀ ಮೇಲಿನಂತೆ ಎಂಬ ಗುರುತು ಮಾತ್ರ ಹಾಕಿದ್ದರು. ಅದೇ ದಿನ ತೆಗೆಸಿದ ಪಹಣಿಯನ್ನು ಪಕ್ಕದಲ್ಲಿ ಇಟ್ಟು ನೋಡಿದೆ. ಮಾವನವರ ಹೆಸರು ಹಾಗೆಯೇ ಇತ್ತು.

ಆ ಕಚೇರಿ ಯಾವುದು, ಆ ಅಧಿಕಾರಿ ಯಾರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೂ ಕೆಲಸದ ಹೊರೆ ಇದೆ, ಒಬ್ಬರ ತಲೆಗೆ ಮೂವರ ಕೆಲಸ ಕಟ್ಟಿರುತ್ತಾರೆ ಎಂಬುದು ನನಗೆ ಗೊತ್ತು. ನನ್ನನ್ನು ಕೊರೆಯುತ್ತಿರುವುದು ಬೇರೆ. ಕೆಲಸ ಆಗಲಿಲ್ಲ ಎನ್ನುವುದಕ್ಕಿಂತ, ಕೆಲಸ ಆಗಿದೆ ಎಂದು ಬರೆದವರು ಆ ಕೆಲಸ ಮಾಡಬೇಕಾಗಿದ್ದವರೇ ಎನ್ನುವುದು. ವೇದಿಕೆಯ ಮೇಲೆ ‘ಎಷ್ಟು ದಿನ ಬೇಕು’ ಎಂದು ಕೇಳಿದ ಜನಪ್ರತಿನಿಧಿ ಆ ವರದಿಯನ್ನು ತಿರುಗಿ ನೋಡಿದರೋ ಇಲ್ಲವೋ, ನೋಡಿದರೆ ‘ಆ ಅಮ್ಮನ ಪಹಣಿ ತೋರಿಸಿ’ ಎಂದು ಕೇಳಿದರೋ ಇಲ್ಲವೋ, ಹಾಳೆಯಲ್ಲಿ ಅದಕ್ಕೆ ಕಲಮೇ ಇರಲಿಲ್ಲ. ಮೂರು ದಶಕ ಉತ್ತರ ಪತ್ರಿಕೆ ತಿದ್ದಿದವಳು ನಾನು. ಬರೆದ ಮಗುವೇ ತನ್ನ ಉತ್ತರಕ್ಕೆ ಅಂಕ ಹಾಕಿಕೊಂಡದ್ದನ್ನು ಎಲ್ಲಿಯೂ ಕಂಡಿಲ್ಲ.

ಇದು ಒಂದು ಪಹಣಿಯ ವಿಷಯವಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕಳೆದ ಎರಡು ವರ್ಷದಿಂದ ನಮ್ಮ ಜಿಲ್ಲೆಯ ಕಾಫಿಯ ಮೇಲೆ ಯುರೋಪಿನ ಒಂದು ಕಾನೂನು ತೂಗುತ್ತಿದೆಯಲ್ಲ, ಅದನ್ನು ಹಿಂಬಾಲಿಸುತ್ತಾ ಹೋದಾಗ ಇದೇ ಪ್ರಶ್ನೆ ನನ್ನ ಮುಂದೆ ಮತ್ತೆ ಬಂದು ನಿಂತಿತು.

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು 2023ರಲ್ಲಿ ಬಂದದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆಎಣ್ಣೆ, ಮರ, ದನದ ಮಾಂಸ ಮತ್ತು ಚರ್ಮ ಯಾವುದನ್ನೂ ಆ ದೇಶಗಳ ಮಾರುಕಟ್ಟೆಗೆ ಬಿಡಬಾರದು ಎನ್ನುತ್ತದೆ. ನಾಲ್ಕು ಹೆಕ್ಟೇರ್ ಒಳಗಿನ ತೋಟವಾದರೆ ನಕ್ಷೆಯ ಮೇಲೆ ಒಂದು ಚುಕ್ಕಿ ಸಾಕು, ಅದಕ್ಕಿಂತ ದೊಡ್ಡದಾದರೆ ಸುತ್ತುಗೆರೆಯನ್ನೇ ಗುರುತಿಸಬೇಕು. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ಹೊರದೇಶಕ್ಕೆ ಹೋಗುವ ಭಾರತದ ಕಾಫಿಯಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಹಾಗಾಗಿ ಐರೋಪ್ಯ ಸಂಸತ್ತು ಸೇರುವ ಸ್ಟ್ರಾಸ್‌ಬರ್ಗ್‌ನಲ್ಲಿ ಕೈ ಎತ್ತಿದ್ದು ಶಾಂತಳ್ಳಿಯ ಕಣದವರೆಗೂ ಬರುತ್ತದೆ.

ತೋಟದ ಚುಕ್ಕಿ ಗುರುತಿಸಲು ನಾನು ಮತ್ತು ಮೈದುನನ ಮಗ ಮೊಬೈಲ್ ಹಿಡಿದು ಒಂದು ಬೆಳಗ್ಗೆ ಪೂರ್ತಿ ಓಡಾಡಿದೆವು. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ ಚುಕ್ಕಿ ನಿಲ್ಲುವುದೇ ಇಲ್ಲ. ಒಮ್ಮೆ ಪಕ್ಕದವರ ಗದ್ದೆಗೆ ಜಿಗಿಯುತ್ತದೆ, ಒಮ್ಮೆ ಹೊಳೆಯ ಆಚೆ ಹೋಗಿ ಕೂರುತ್ತದೆ. ಕೊನೆಗೆ ಕಣದ ಮಧ್ಯೆ, ಮೇಲೆ ಆಕಾಶ ಕಾಣುವ ಜಾಗದಲ್ಲಿ ನಿಂತಾಗ ಸರಿಯಾಯಿತು. ಆಮೇಲೆ ಪಹಣಿಯ ವಿವರ ತುಂಬಬೇಕು. ಅಲ್ಲಿ ಮಾವನವರ ಹೆಸರು. ಹುಡುಗ ನನ್ನ ಮುಖ ನೋಡಿದ, ‘ದೊಡ್ಡಮ್ಮ, ಇಲ್ಲಿ ಯಾರ ಹೆಸರು ಹಾಕೋದು?’ ಎಂದ. ನೆರಳಿನ ಮರ ಉಳಿಸಿಕೊಂಡು ತಲೆಮಾರುಗಳಿಂದ ಕಾಫಿ ಬೆಳೆದವರು ನಾವು. ಕಾಡು ಕಡಿದಿಲ್ಲ ಎಂದು ತೋರಿಸುವುದು ನಮಗೆ ಕಷ್ಟವಲ್ಲ. ಆ ನೆಲ ನಮ್ಮದು ಎಂದು ತೋರಿಸುವುದೇ ಕಷ್ಟವಾಗಿದೆ. ಕುಟುಂಬಕ್ಕೆ ಒಟ್ಟಾಗಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನವರಿಗಂತೂ ಪಟ್ಟೇದಾರರ, ಅಂದರೆ ಕುಟುಂಬದ ಯಜಮಾನರ, ಹೆಸರು, ಅವರ ನಂತರದವರ ಹೆಸರು ಎಂದು ಇನ್ನಷ್ಟು ತೊಡಕು.

ಈ ಕಾನೂನಿನ ಗಡುವು ಎರಡು ಸಲ ಮುಂದಕ್ಕೆ ಹೋಯಿತು. ಮೊದಲು 2024ರ ಡಿಸೆಂಬರ್ 30 ಎಂದಿದ್ದದ್ದು 2025ರ ಡಿಸೆಂಬರ್ 30 ಆಯಿತು. ಈಗ ದೊಡ್ಡ ಮತ್ತು ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಇಲ್ಲಿ ನಮ್ಮ ಸಂತೆಯಲ್ಲಿ ‘ಯುರೋಪಿನವರು ಬಿಟ್ಟುಬಿಟ್ಟರಂತೆ’ ಎಂಬಷ್ಟೇ ಸುದ್ದಿ. ಹೇಗೆ ಮುಂದಕ್ಕೆ ಹೋಯಿತು ಎಂದು ಓದಿ ತಿಳಿದುಕೊಳ್ಳಬೇಕೆನಿಸಿತು. ಓದಿದಾಗ, ಅದು ಬರೀ ರಿಯಾಯಿತಿಯ ವಿಷಯವಲ್ಲ ಎಂದು ಕಂಡಿತು.

ಅಲ್ಲಿ ಕಾನೂನನ್ನು ಒಪ್ಪುವುದು ಐರೋಪ್ಯ ಸಂಸತ್ತು ಮತ್ತು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ. ಜಾರಿ ಮಾಡಿಸುವುದು ಐರೋಪ್ಯ ಆಯೋಗ, ಅಂದರೆ ಅವರ ಕಾರ್ಯಾಂಗ. ಸಂಸತ್ತಿನಲ್ಲಿ 720 ಮಂದಿ ಚುನಾಯಿತರು. ಆಯೋಗದಲ್ಲಿ ದೇಶಕ್ಕೊಬ್ಬರಂತೆ 27 ಮಂದಿ ಆಯುಕ್ತರು. 2025ರ ಸೆಪ್ಟೆಂಬರ್‌ನಲ್ಲಿ ಪರಿಸರ ಆಯುಕ್ತೆ ಯೆಸಿಕಾ ರೊಸ್ವಾಲ್ ಅವರು ಸಂಸತ್ತಿನ ಪರಿಸರ ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆದು, ವ್ಯಾಪಾರಿಗಳ ಘೋಷಣೆಗಳನ್ನೆಲ್ಲ ದಾಖಲಿಸಿಕೊಳ್ಳಬೇಕಾದ ತಮ್ಮ ಕಂಪ್ಯೂಟರ್ ವ್ಯವಸ್ಥೆ ಆ ಹೊರೆ ತಾಳುವ ಸ್ಥಿತಿಯಲ್ಲಿಲ್ಲ ಎಂದು ತಿಳಿಸಿದರು. ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯಲಿಲ್ಲ. ನಮ್ಮಿಂದ ಆಗಿಲ್ಲ ಎಂದು ಸದನದ ಸಮಿತಿಗೆ ತಿಳಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಆಯೋಗ ಒಂದು ಸಣ್ಣ ತಿದ್ದುಪಡಿ ತಂದಾಗ ಸಂಸತ್ತೂ ಮಂತ್ರಿಗಳ ಮಂಡಳಿಯೂ ಅಷ್ಟಕ್ಕೆ ಒಪ್ಪದೆ, ಎಲ್ಲರಿಗೂ ಪೂರ್ತಿ ಒಂದು ವರ್ಷ ಕೊಡಿ ಎಂದವು. ಅದರ ಜೊತೆಗೆ, 2026ರ ಏಪ್ರಿಲ್ 30ರೊಳಗೆ ಈ ಕಾನೂನನ್ನು ಇನ್ನೂ ಸರಳ ಮಾಡುವ ಬಗ್ಗೆ ಪರಿಶೀಲಿಸಿ ವರದಿ ಕೊಡಬೇಕೆಂಬ ಕೆಲಸವನ್ನೂ ಆಯೋಗಕ್ಕೆ ತಾರೀಖು ಹಾಕಿಯೇ ಒಪ್ಪಿಸಿದರು. ಡಿಸೆಂಬರ್ 17ರಂದು ಸಂಸತ್ತು ಇದಕ್ಕೆ ಮತ ಹಾಕಿತು.

ಇನ್ನೊಂದು ಸಂಗತಿ ಇದೆ. ಬೆಳೆಗಾರ್ತಿಯಾಗಿ ಅದು ನನಗೆ ಹಿತವಾದದ್ದಲ್ಲ, ಆದರೂ ಬರೆಯಲೇಬೇಕು. 2025ರ ಮೇ ತಿಂಗಳಲ್ಲಿ ಆಯೋಗ ಯಾವ ದೇಶದಲ್ಲಿ ಅರಣ್ಯನಾಶದ ಅಪಾಯ ಎಷ್ಟು ಎಂಬ ಪಟ್ಟಿ ಹೊರಡಿಸಿತು. ಭಾರತ ‘ಕಡಿಮೆ ಅಪಾಯ’ದ ಗುಂಪಿಗೆ ಸೇರಿತು. ಇದರಿಂದ ನಮ್ಮ ಕಾಫಿ ಕೊಳ್ಳುವವರಿಗೆ ತಪಾಸಣೆ ಕಡಿಮೆ, ಕಾಗದ ಪತ್ರ ಕಡಿಮೆ. ಹೆಚ್ಚು ಅಪಾಯದ ಪಟ್ಟಿಯಲ್ಲಿ ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್ ಈ ನಾಲ್ಕೇ ದೇಶಗಳು. ಜುಲೈ 9ರಂದು ಐರೋಪ್ಯ ಸಂಸತ್ತು, ಈ ಪಟ್ಟಿ ಹಳೆಯ ಅಂಕಿಅಂಶದ ಮೇಲೆ ನಿಂತಿದೆ, ಹಿಂದಕ್ಕೆ ತೆಗೆದುಕೊಳ್ಳಿ ಎಂದು 373 ಮತಗಳಿಂದ ನಿರ್ಣಯ ಮಾಡಿತು. ವಿರುದ್ಧ ಬಿದ್ದದ್ದು 289. ಆ ನಿರ್ಣಯಕ್ಕೆ ಆಯೋಗ ಬದ್ಧವಾಗಬೇಕೆಂದೇನೂ ಇರಲಿಲ್ಲ, ಪಟ್ಟಿ ಹಾಗೇ ಉಳಿಯಿತು. ನಮಗೆ ಅನುಕೂಲವಾಗಿದ್ದ ಪಟ್ಟಿಗೆ ತಕರಾರು ಎತ್ತಿದರಲ್ಲ ಎಂದು ಮೊದಲು ಬೇಸರವೇ ಆಯಿತು. ಆದರೆ ಅಲ್ಲಿ ನಡೆದದ್ದು ಏನು? ಕಾರ್ಯಾಂಗ ಒಂದು ಪಟ್ಟಿ ಮಾಡಿ ‘ಇದು ಸರಿಯಾಗಿದೆ’ ಎಂದಿತು. ಸದನ ಅದನ್ನು ತೆರೆದು ನೋಡಿ, ತನಗೆ ಸರಿ ಕಾಣಲಿಲ್ಲ ಎಂದು ಹೆಸರು ದಾಖಲಿಸಿ ಮತ ಹಾಕಿ ಹೇಳಿತು. ನನಗೆ ನಷ್ಟವಾಗುವಂಥ ಪ್ರಶ್ನೆಯೇ ಆದರೂ, ಪ್ರಶ್ನೆ ಕೇಳಿದ ಆ ಕ್ರಮ ಮಾತ್ರ ನಮ್ಮಲ್ಲೂ ಇರಬೇಕು ಎನಿಸಿತು.

ಅದರ ಮರುದಿನವೇ, ಜುಲೈ 10ರಂದು, ಅದೇ ಸದನದ ಮುಂದೆ ಆಯೋಗವನ್ನೇ ಕೆಳಗಿಳಿಸುವ ಖಂಡನಾ ನಿರ್ಣಯ ಬಂದಿತ್ತು. ಪರವಾಗಿ 175, ವಿರುದ್ಧ 360. ಉರ್ಸುಲಾ ವಾನ್ ಡೆರ್ ಲೆಯೆನ್ ಅವರ ಅಧ್ಯಕ್ಷತೆಯ ಆಯೋಗ ಉಳಿಯಿತು. ಹಿಂದಿನ ದಿನ ‘ನಿಮ್ಮ ಪಟ್ಟಿ ಸರಿಯಿಲ್ಲ’ ಎಂದ ಸದನ ಮರುದಿನ ‘ಆದರೂ ನೀವೇ ಮುಂದುವರಿಯಿರಿ’ ಎಂದಿತು. ನಮ್ಮಲ್ಲಿ ಪ್ರಶ್ನೆ ಕೇಳಿದರೆ ವಿರೋಧಿ, ಕೇಳದಿದ್ದರೆ ನಮ್ಮವ ಎಂಬ ಲೆಕ್ಕ ಬೆಳೆದುಬಿಟ್ಟಿದೆ. ಗ್ರಾಮಸಭೆಯಲ್ಲೂ ಅಷ್ಟೆ. ರಸ್ತೆಯ ಬಿಲ್ಲು ಕೇಳಿದವನನ್ನು ‘ನೀನು ಯಾವ ಪಾರ್ಟಿ’ ಎಂದು ಮೊದಲು ಕೇಳುತ್ತಾರೆ. ಜೊತೆಯಾಗಿ ಕೆಲಸ ಮಾಡುವುದು ಬೇರೆ, ಲೆಕ್ಕ ಕೇಳುವುದು ಬೇರೆ ಎಂದು ಯಾರು ಹೇಳಿಕೊಟ್ಟರೋ ತಿಳಿಯದು. ಒಂದೇ ಕಣದಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರು ಸಂಜೆ ಮೂಟೆ ಎಣಿಸಿಕೊಳ್ಳುವುದಿಲ್ಲವೇ?

ಆ ಸಂಸತ್ತಿಗೂ ಈ ಅಧಿಕಾರ ಒಂದೇ ದಿನದಲ್ಲಿ ಬಂದದ್ದಲ್ಲ. 1998ರ ಡಿಸೆಂಬರ್‌ನಲ್ಲಿ ಅದು ಆಯೋಗದ 1996ನೇ ಸಾಲಿನ ಖರ್ಚಿನ ಲೆಕ್ಕಕ್ಕೆ ಒಪ್ಪಿಗೆ ಕೊಡಲಿಲ್ಲ. ಜನವರಿಯಲ್ಲಿ ಖಂಡನಾ ನಿರ್ಣಯ ಬಿದ್ದುಹೋಯಿತು, ಪರವಾಗಿ 232, ವಿರುದ್ಧ 293. ಬಿದ್ದುಹೋಯಿತು ಎಂದು ಅಲ್ಲಿಗೇ ಬಿಡಲಿಲ್ಲ. ಹೊರಗಿನ ಪರಿಣತರ ಸಮಿತಿಯೊಂದು ಲೆಕ್ಕ ನೋಡಲಿ ಎಂದಾಯಿತು. ಮಾರ್ಚ್ 15ರಂದು ಆ ಸಮಿತಿಯ ವರದಿ ಬಂತು. ಅದೇ ರಾತ್ರಿ ಆಯೋಗದ ಅಂದಿನ ಅಧ್ಯಕ್ಷ ಜಾಕ್ ಸಾಂಟೇರ್ ಅವರೂ ಸೇರಿ 20 ಮಂದಿ ಆಯುಕ್ತರೂ ರಾಜೀನಾಮೆ ಕೊಟ್ಟರು. ಲೆಕ್ಕ ಸರಿಯಿದೆ ಎಂದು ಖರ್ಚು ಮಾಡಿದವರೇ ಹೇಳಿಕೊಂಡರೆ ಸಾಲದು ಎಂದು ಅಂದು ತೀರ್ಮಾನವಾದಂತಾಯಿತು. 2010ರಲ್ಲಿ ಸಂಸತ್ತು ಮತ್ತು ಆಯೋಗ ತಮ್ಮೊಳಗೆ ಒಂದು ಒಪ್ಪಂದ ಬರೆದುಕೊಂಡವು. ಇಂಥ ಕಾನೂನು ತನ್ನಿ ಎಂದು ಸಂಸತ್ತು ಕೇಳಿದರೆ, ಏನು ಮಾಡುತ್ತೇವೆ ಎಂದು ಆಯೋಗ ಮೂರು ತಿಂಗಳೊಳಗೆ ಹೇಳಬೇಕು. ಸದಸ್ಯರ ಲಿಖಿತ ಪ್ರಶ್ನೆಗೆ ಆರು ವಾರ, ತುರ್ತಿನದಾದರೆ ಮೂರು ವಾರ ಎಂಬ ನಿಯಮವೂ ಅಲ್ಲಿದೆ.

ಹೊರದೇಶದ ಹಾಡು ಹಾಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಇದೆಲ್ಲ ನಮ್ಮಲ್ಲೂ ಇದೆ, ಕೆಲವು ಅವರಿಗಿಂತ ಮೊದಲೇ ಇದೆ. ಸಂವಿಧಾನದ 75ನೇ ವಿಧಿ ಕೇಂದ್ರದ ಮಂತ್ರಿಮಂಡಲವನ್ನು ಲೋಕಸಭೆಗೆ, 164ನೇ ವಿಧಿ ರಾಜ್ಯದ ಮಂತ್ರಿಮಂಡಲವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಮಾಡಿದೆ. ಪ್ರತಿ ವರ್ಷ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೇನೆ. ಮಾಡಿಸದೆ ಬಿಟ್ಟದ್ದು ಒಂದಿದೆ, ಅದಕ್ಕೆ ಈಗ ನೊಂದುಕೊಳ್ಳುತ್ತೇನೆ. ಪಠ್ಯದಲ್ಲಿ ಪ್ರಶ್ನೋತ್ತರ ಅವಧಿ ಇತ್ತು, ಭರವಸೆಗಳ ಸಮಿತಿ ಇರಲಿಲ್ಲ. ನಾನೂ ಹೇಳಿಕೊಡಲಿಲ್ಲ.

ಲೋಕಸಭೆಯ ಸರ್ಕಾರಿ ಭರವಸೆಗಳ ಸಮಿತಿ ಹುಟ್ಟಿದ್ದು 1953ರ ಡಿಸೆಂಬರ್ 1ರಂದು. ಹದಿನೈದು ಸದಸ್ಯರು, ಮಂತ್ರಿಗಳಾದವರು ಅದರಲ್ಲಿ ಇರುವಂತಿಲ್ಲ. ಮಂತ್ರಿಯೊಬ್ಬರು ಸದನದಲ್ಲಿ ‘ಪರಿಶೀಲಿಸಲಾಗುತ್ತಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂದು ಹೇಳಿದರೆ ಅದು ಗಾಳಿಗೆ ಹೋಗುವ ಮಾತಲ್ಲ, ಭರವಸೆ ಎಂದು ದಾಖಲಾಗುತ್ತದೆ. ಯಾವ ಯಾವ ಮಾತು ಭರವಸೆಯಾಗುತ್ತದೆ ಎಂಬ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಆಗದಿದ್ದರೆ ಸಮಿತಿಯ ಮುಂದೆ ಬಂದು ಕಾಲಾವಕಾಶ ಕೇಳಬೇಕು, ಇಲ್ಲವೇ ಕೈಬಿಡಿ ಎಂದು ಕಾರಣ ಕೊಟ್ಟು ಕೇಳಬೇಕು. ಈಡೇರಿತು ಎಂದು ಇಲಾಖೆ ಹೇಳಿದರೂ ಸಮಿತಿ ಅದನ್ನು ನೋಡಿ, ಬೇಕಾದರೆ ಕಾರ್ಯದರ್ಶಿಗಳನ್ನು ಕರೆಸಿ ವಿಚಾರಿಸಬಹುದು. ನಮ್ಮ ರಾಜ್ಯದ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿ ಇದೆ. ಅಂದರೆ ಅಂಕ ಹಾಕುವ ಕೆಂಪು ಪೆನ್ನು ಸದನದ ಕೈಯಲ್ಲೇ ಇದೆ. ಅದು ನಮ್ಮ ಜಿಲ್ಲೆಯ ವಿಷಯಗಳ ಮೇಲೆ ಓಡಾಡುತ್ತಿದೆಯೇ ಎಂದು ನಮಗೆ ಯಾರೂ ಹೇಳುತ್ತಿಲ್ಲ, ನಾವೂ ಕೇಳುತ್ತಿಲ್ಲ.

ಕೊಡಗಿನವರಾದ ನಮಗೆ ಇದು ಮರೆತುಹೋಗಬಾರದಾಗಿತ್ತು. 1956ರ ಅಕ್ಟೋಬರ್ ಕೊನೆಯವರೆಗೆ ಕೊಡಗು ಒಂದು ರಾಜ್ಯವಾಗಿತ್ತು, 1952ರಿಂದ ಅದಕ್ಕೆ ತನ್ನದೇ ಚುನಾಯಿತ ಸರ್ಕಾರವಿತ್ತು. ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ, ವಿಧಾನಸಭೆಯಲ್ಲಿ 24 ಸದಸ್ಯರು. 1951ರ ಜನಗಣತಿಯಂತೆ ಜಿಲ್ಲೆಯ ಜನ 2 ಲಕ್ಷ 29 ಸಾವಿರ. ಈಗ, 2011ರ ಲೆಕ್ಕದಲ್ಲೇ, 5 ಲಕ್ಷ 54 ಸಾವಿರ. ಶಾಸಕರು ಮಡಿಕೇರಿಗೊಬ್ಬರು, ವಿರಾಜಪೇಟೆಗೊಬ್ಬರು, ಒಟ್ಟು ಇಬ್ಬರು. ಸಂಸದರಂತೂ ಮೈಸೂರಿನ ಜೊತೆಗೆ ಹಂಚಿಕೊಂಡವರು. ಕೊಡಗು ರಾಜ್ಯವಾಗಿದ್ದ ಕಾಲದಲ್ಲಿ ಮಾವನವರು ಇಪ್ಪತ್ತರ ಹರೆಯದವರು. ತಮ್ಮ ಭಾಗದ ಸದಸ್ಯರನ್ನು ಸಂತೆಯ ದಿನ ಅಡ್ಡಹಾಕಿ, ‘ಹೋದ ಸಲ ಸೇತುವೆ ಅಂದಿರಲ್ಲ, ಏನಾಯ್ತು?’ ಎಂದು ಕೇಳುತ್ತಿದ್ದರಂತೆ. ಉತ್ತರ ಸರಿ ಬರದಿದ್ದರೆ ಮುಂದಿನ ಸೋಮವಾರ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದರಂತೆ. ಇದನ್ನು ಹೇಳುವಾಗ ಅವರಿಗೆ ಮುಖವೆಲ್ಲ ಅರಳುತ್ತಿತ್ತು. ಆ ರಾಜ್ಯ ಮತ್ತೆ ಬರಲಿ ಎನ್ನುವವಳಲ್ಲ ನಾನು. ಕರ್ನಾಟಕದಲ್ಲೇ ನನ್ನ ಬದುಕು, ನನ್ನ ಭಾಷೆ, ನನ್ನ ಪಿಂಚಣಿ. ಆದರೆ ಹತ್ತು ಸಾವಿರ ಜನಕ್ಕೆ ಒಬ್ಬರಂತಿದ್ದ ಕಾಲದಲ್ಲಿ ಸಂತೆಯಲ್ಲಿ ನಡೆಯುತ್ತಿದ್ದ ಆ ಎರಡನೇ ಸೋಮವಾರದ ಪ್ರಶ್ನೆಯನ್ನು, ಎರಡು ಮುಕ್ಕಾಲು ಲಕ್ಷಕ್ಕೆ ಒಬ್ಬರಾಗಿರುವ ಕಾಲದಲ್ಲಿ ಯಾರಾದರೂ ಬೇರೆ ರೀತಿಯಲ್ಲಿ ಕೇಳಲೇಬೇಕಲ್ಲ?

ಮಧ್ಯದಲ್ಲಿ ಕೇಳಬೇಕಾಗಿದ್ದವರು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರು. ಅವರ ಅವಧಿ 2021ರಲ್ಲೇ ಮುಗಿದಿದೆ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ನಡೆದಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣ ಬದಲಾಗುತ್ತಾ ಬಂತು, ಆಳುವ ಪಕ್ಷವೂ ಬದಲಾಯಿತು, ಆಡಳಿತಾಧಿಕಾರಿಗಳ ಆಡಳಿತ ಮಾತ್ರ ಮುಂದುವರಿಯಿತು. ಸದನವೇ ಇಲ್ಲದ ಕಾರ್ಯಾಂಗ ಅದು. ಅಲ್ಲಿ ಅನುಪಾಲನಾ ವರದಿಯನ್ನು ಯಾರು ಯಾರಿಗೆ ಒಪ್ಪಿಸುತ್ತಾರೆ? ಒಬ್ಬರೇ ಬರೆದು ಒಬ್ಬರೇ ರುಜು ಹಾಕಿ ಒಬ್ಬರೇ ಕಡತಕ್ಕೆ ಸೇರಿಸುತ್ತಾರೆ. ಇದರ ಬಗ್ಗೆ ಸಿಟ್ಟಿಲ್ಲದೆ ಬರೆಯುವುದು ನನ್ನಿಂದ ಆಗುತ್ತಿಲ್ಲ.

ಉಳಿದದ್ದು ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲಿಸುವ ಸಭೆಗಳು: ಶಾಸಕರು ಇರುವ ಕೆಡಿಪಿ ಸಭೆಗಳು ಮತ್ತು ಕೇಂದ್ರದ ಯೋಜನೆಗಳಿಗೆ ಸಂಸದರ ಅಧ್ಯಕ್ಷತೆಯ ದಿಶಾ ಸಭೆ. ಪತ್ರಿಕೆಯಲ್ಲಿ ಇವುಗಳ ಸುದ್ದಿ ತಪ್ಪದೆ ಓದುತ್ತೇನೆ. ‘ಅಧಿಕಾರಿಗಳಿಗೆ ತರಾಟೆ’, ‘ವಾರದೊಳಗೆ ಸರಿಪಡಿಸಲು ತಾಕೀತು’. ಇದು ನಿಮ್ಮ ಪತ್ರಿಕೆಯ ಮೇಲೂ ನನಗಿರುವ ತಕರಾರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತರಾಟೆ ಮೊದಲ ಪುಟದಲ್ಲಿ ಬರುತ್ತದೆ. ವಾರ ಕಳೆದ ಮೇಲೆ ಏನಾಯಿತು ಎಂಬುದು ಒಳಪುಟದಲ್ಲೂ ಬರುವುದಿಲ್ಲ. ತರಾಟೆಗೆ ತೆಗೆದುಕೊಂಡವರಿಗೂ ಅಷ್ಟೇ ಬೇಕಾಗಿರಬಹುದು. ಬೈಸಿಕೊಂಡವರಿಗೂ ಅದೇ ಸುಲಭ. ಬೈಗುಳಕ್ಕೆ ಅರ್ಧ ಗಂಟೆ ಸಾಕು, ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಹೇಳಿದಳು: ‘ಟೀಚರ್, ಎಷ್ಟು ಅರ್ಜಿ ಬಾಕಿ ಇದೆ, ಎಷ್ಟು ಜನ ಬೇಕು ಅಂತ ಸಭೇಲಿ ಹೇಳೋಕೆ ನಮಗೆ ಅವಕಾಶವೇ ಸಿಗೋಲ್ಲ. ಆಗುತ್ತೆ ಸಾರ್ ಅಂದ್ರೆ ಕೂರಿಸ್ತಾರೆ, ಆಗಲ್ಲ ಅಂದ್ರೆ ನಿಲ್ಲಿಸ್ತಾರೆ.’ ಅವಳ ಮಾತು ನನ್ನನ್ನು ಬಹಳ ಕಾಡಿತು. ಆ ‘ಹದಿನೈದು ದಿನ ಸಾರ್’ ಕೂಡ ಹೀಗೆಯೇ ಬಂದ ಉತ್ತರವಿರಬಹುದು. ಆಗಿಲ್ಲ ಎಂದು ಹೇಳಲು ಜಾಗವಿದ್ದಲ್ಲಿ ಮಾತ್ರ ಆಗಿದೆ ಎಂಬ ಮಾತನ್ನು ನಂಬಬಹುದು. ಬ್ರಸೆಲ್ಸ್‌ನ ಆಯುಕ್ತೆಗೆ ಆ ಜಾಗವಿತ್ತು, ನಮ್ಮ ಗ್ರಾಮ ಆಡಳಿತಾಧಿಕಾರಿಗೆ ಇಲ್ಲ.

ಕಾಫಿಯ ವಿಷಯಕ್ಕೆ ಬಂದರೆ, ಕಾಫಿ ಮಂಡಳಿ 1942ರ ಕಾಯ್ದೆಯಿಂದ ಹುಟ್ಟಿದ್ದು, ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿದೆ. ತೋಟದ ನೆಲದ ದಾಖಲೆ ರಾಜ್ಯದ ಕಂದಾಯ ಇಲಾಖೆಯದು. ಯುರೋಪಿನ ಗಡುವಿಗೆ ಇವೆರಡೂ ಜೊತೆಯಾಗಿ ಕೆಲಸ ಮಾಡಬೇಕು. ಪಹಣಿಯಲ್ಲಿ ಸತ್ತವರ ಹೆಸರಿರುವ ತೋಟಗಳು ಜಿಲ್ಲೆಯಲ್ಲಿ ಎಷ್ಟಿವೆ, ಅವುಗಳ ನೋಂದಣಿಗೆ ಏನು ದಾರಿ, ಯಾವ ತಾರೀಖಿನೊಳಗೆ ಎಂದು ಸಂಸತ್ತಿನಲ್ಲಿ ಒಂದು ಪ್ರಶ್ನೆ, ವಿಧಾನಸಭೆಯಲ್ಲಿ ಅದಕ್ಕೆ ಜೋಡಿಯಾಗಿ ಒಂದು ಪ್ರಶ್ನೆ, ಎರಡೂ ಬರಬೇಕು. ನಮ್ಮ ಸಂಸದರೂ ಇಬ್ಬರು ಶಾಸಕರೂ ಪಕ್ಷ ಬದಿಗಿಟ್ಟು ಒಟ್ಟಿಗೆ ಕುಳಿತು ಈ ಎರಡು ಪ್ರಶ್ನೆ ಬರೆದರೆ ಅರ್ಧ ಗಂಟೆಯ ಕೆಲಸ. ಉತ್ತರ ಬಂದ ದಿನದಿಂದ ಮೂರು ತಿಂಗಳು ಎಣಿಸುವುದು ನಮ್ಮ ಕೆಲಸ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ, ಸಂಪಾದಕರೇ. ತಿಂಗಳಿಗೊಮ್ಮೆ ನಿಮ್ಮ ಜಿಲ್ಲಾ ಪುಟದಲ್ಲಿ ಕಾಲು ಪುಟ ಜಾಗ ಕೊಡಿ. ಕೊಡಗಿನ ಬಗ್ಗೆ ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತುಗಳಲ್ಲಿ, ಕೆಡಿಪಿ ಮತ್ತು ದಿಶಾ ಸಭೆಗಳಲ್ಲಿ ಯಾರು ಏನು ಕೇಳಿದರು, ಯಾರು ಎಷ್ಟು ದಿನ ಎಂದರು, ಆ ದಿನ ಮುಗಿದಾಗ ಸ್ಥಿತಿ ಏನು. ಟೀಕೆ ಬೇಡ, ವ್ಯಂಗ್ಯಚಿತ್ರ ಬೇಡ. ಷರಾ ಕಲಮಿನ ಪಕ್ಕದಲ್ಲಿ ಇನ್ನೊಂದು ಕಲಮು, ‘ಅರ್ಜಿದಾರರು ಏನೆನ್ನುತ್ತಾರೆ’ ಎಂದು. ಅಷ್ಟು ಸಾಕು. ವಿಧಾನಸಭೆ ಮತ್ತು ಸಂಸತ್ತಿನ ಪ್ರಶ್ನೋತ್ತರಗಳು ಅಂತರಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಹುಡುಕಿ ತೆಗೆಯುವ ಕೆಲಸ ನಾನು ಮಾಡಿಕೊಡುತ್ತೇನೆ, ಇಬ್ಬರು ಹಳೆಯ ವಿದ್ಯಾರ್ಥಿಗಳು ಜೊತೆಗೆ ಬರುತ್ತೇವೆ ಎಂದಿದ್ದಾರೆ. ನಿಮ್ಮ ವರದಿಗಾರರು ಸಭೆಗಳ ಟಿಪ್ಪಣಿ ಕೊಟ್ಟರೆ ಸಾಕು.

ಕುಯ್ಲು ಮುಗಿಯಲು ಇನ್ನು ಮೂರು ವಾರ. ಅಷ್ಟರಲ್ಲಿ ಹೂಮಳೆ ಬಂದರೆ ಕಣ ಮುಚ್ಚುವ ಗಡಿಬಿಡಿ. ಅದು ಮುಗಿದ ಮೊದಲ ಸೋಮವಾರ ಸಂತೆಗೆ ಸೋಮವಾರಪೇಟೆಗೆ ಬರುತ್ತೇನೆ. ಮೊದಲ ತಿಂಗಳಿನ ಪಟ್ಟಿಯನ್ನು ಕೈಬರಹದಲ್ಲೇ ಬರೆದು ನಿಮ್ಮ ಪ್ರತಿನಿಧಿಯ ಕೈಗೆ ಕೊಡುತ್ತೇನೆ. ಅದರಲ್ಲಿ ಒಂದನೇ ಕ್ರಮ ಸಂಖ್ಯೆಯಲ್ಲಿ ನನ್ನ ಪಹಣಿ ಇರುತ್ತದೆ, ಆ ದಿನ ಬೆಳಗ್ಗೆ ತೆಗೆಸಿದ ಪ್ರತಿಯ ಸಮೇತ.

ಇತಿ,
ನಿವೃತ್ತ ಶಿಕ್ಷಕಿ ಮತ್ತು ಕಾಫಿ ಬೆಳೆಗಾರ್ತಿ
ಶಾಂತಳ್ಳಿ ಹೋಬಳಿ, ಸೋಮವಾರಪೇಟೆ ತಾಲ್ಲೂಕು, ಕೊಡಗು